ಲೆಕ್ಕಕ್ಕೆ ಸಿಗದ ದುಡಿಮೆಗಾರ

ಗಂಡಸಾಗಿ ಮನೆಯಲ್ಲಿ ಕುಳಿತಿದ್ದಾನೆ ಎಂದು ನೆರೆಹೊರೆಯವರು ಆಡಿಕೊಳ್ಳುವುದನ್ನು ನಾವೆಲ್ಲ ಕೇಳಿದ್ದೇವೆ. ಹಾಗೆ ಆಡಿಕೊಳ್ಳುವ ಮೊದಲು ದೇಶದ ಲೆಕ್ಕವನ್ನೊಮ್ಮೆ ನೋಡುವುದು ಒಳ್ಳೆಯದು.

15 ವರ್ಷ ತುಂಬಿದ ಗಂಡಸರಲ್ಲಿ ದುಡಿಯುವವರು, ದುಡಿಮೆ ಹುಡುಕುವವರು ಇಬ್ಬರೂ ಸೇರಿ 2004-05ರಲ್ಲಿ ನೂರಕ್ಕೆ 84 ಮಂದಿ ಇದ್ದರೆಂದು ಸರ್ಕಾರದ ಸಮೀಕ್ಷೆ ಹೇಳುತ್ತದೆ. 2017-18ರ ಹೊತ್ತಿಗೆ ಅವರು 76ಕ್ಕೆ ಇಳಿದಿದ್ದರು. 2023-24ರಲ್ಲಿ 79ರ ಸಮೀಪಕ್ಕೆ ಏರಿದರೂ ಹಳೆಯ ಮಟ್ಟ ಮುಟ್ಟಲಿಲ್ಲ. ಹುಡುಗರು ಹೆಚ್ಚು ಕಾಲ ಓದುತ್ತಿರುವುದು ಇದಕ್ಕೆ ಒಂದು ಕಾರಣ; ಅದು ಸಂತೋಷದ ಸಂಗತಿಯೇ. ನಮ್ಮ ಚಿಂತೆ ಅವರ ತಂದೆಯರದು.

ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಕಡೆಯಿಂದ ಕೂಲಿಗೆ ಬಂದವರ ಮಕ್ಕಳಿಗೆ ಕಾರ್ಖಾನೆಯ ಕಾಯಂ ನೌಕರಿಯೇ ದೊಡ್ಡ ಆಸೆ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ. ಈ ನಗರದಲ್ಲಿಯೂ ಬೇರಿಂಗ್ ಕಾರ್ಖಾನೆ ನಡೆಸುತ್ತಿತ್ತು. ಅದನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು.

ಕಾರ್ಖಾನೆಯ ಗೇಟು ಮುಚ್ಚಿದರೆ ಐವತ್ತರ ಹತ್ತಿರದ ಫಿಟ್ಟರನಿಗೆ ಕರೆದು ಕೆಲಸ ಕೊಡುವವರು ಯಾರು? ಹೆಚ್ಚೆಂದರೆ ರಾತ್ರಿ ಪಾಳಿಯ ಕಾವಲು. ಹತ್ತಾರು ಬಾಗಿಲು ತಟ್ಟಿ, ಇನ್ನು ಕೆಲಸದ ಮಾತೇ ಬೇಡವೆಂದು ಅವನು ಕೈಚೆಲ್ಲಿದರೆ, ಆಗ ಸರ್ಕಾರದ ಲೆಕ್ಕದಲ್ಲಿ ಅವನು ನಿರುದ್ಯೋಗಿಯೂ ಅಲ್ಲ! ದುಡಿಯುವವರ ಸಾಲಿನಲ್ಲೂ ಇಲ್ಲ, ಕೆಲಸವಿಲ್ಲದವರ ಸಾಲಿನಲ್ಲೂ ಇಲ್ಲ.

ಅಂಥವರ ಪಟ್ಟಿಯನ್ನು ನಮ್ಮ ಸಂಘವೇ ಗಲ್ಲಿಗಲ್ಲಿಗೆ ಹೋಗಿ ಬರೆಯಬೇಕು. ವಯಸ್ಸೆಷ್ಟು, ಕಲಿತ ಕಸುಬು ಯಾವುದು, ಬರಬೇಕಾದ ಬಾಕಿ ಎಷ್ಟು ಎಂದು ಕೇಳಬೇಕು. ಸೋಮಾರಿಯೆಂದು ಹಂಗಿಸುವವರು ಬೇಕಾದಷ್ಟಿದ್ದಾರೆ. ಕಾರ್ಮಿಕ ಬಂಧುಗಳೇ, ನಾವು ಅವನ ಹೆಸರು ಬರೆದುಕೊಳ್ಳೋಣ.