ಹಕ್ಕಿನ ಪಾಠಕ್ಕೆ ಹಾಡು ಬೇಡವೇ?

ಡಿಸೆಂಬರ್ 10 ಬಂತೆಂದರೆ ಸಮಾಜಕಾರ್ಯ ಕಾಲೇಜುಗಳಲ್ಲಿ ಒಂದು ಬ್ಯಾನರ್, ಒಂದು ಭಾಷಣ, ಕೊನೆಗೊಂದು ಬೀದಿನಾಟಕ. 1948ರ ಸಾರ್ವತ್ರಿಕ ಘೋಷಣೆಯ 30 ವಿಧಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದರೆ ಮಾನವ ಹಕ್ಕುಗಳ ಪಾಠ ಮುಗಿಯಿತು! ಮುಂದೆ ಕ್ಷೇತ್ರಕಾರ್ಯಕ್ಕೆ ಹಳ್ಳಿಗೆ ಹೋದ ಇದೇ ವಿದ್ಯಾರ್ಥಿಗಳು ಪ್ರಶ್ನಾವಳಿ ಹಿಡಿದು ನೊಂದವರ ಎದುರು ಅಧಿಕಾರಿಗಳಂತೆ ನಿಲ್ಲುತ್ತಾರೆ. ತಪ್ಪು ಅವರದಲ್ಲ, ಕಲಿಸುವ ನಮ್ಮದು.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳನ್ನೇ ನೋಡೋಣ. 1824ರಲ್ಲಿ ಕಂಪನಿ ಸರಕಾರವನ್ನು ಎದುರಿಸಿದ ಕಿತ್ತೂರು ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ. ಅಕ್ಷರ ಬಾರದ ಜನ ಇವರನ್ನು ಲಾವಣಿ, ಗೀಗೀ ಪದಗಳಲ್ಲಿ ಬದುಕಿಸಿಕೊಂಡರು. 1939ರಲ್ಲಿ ರಾಮದುರ್ಗದ ಪ್ರಜೆಗಳು ಸಂಸ್ಥಾನದ ವಿರುದ್ಧವೇ ಬಂಡೆದ್ದರು. ಉತ್ತರ ಕರ್ನಾಟಕದ ಮೊಹರಂನಲ್ಲಿ ಹಿಂದೂ ಮುಸ್ಲಿಮರು ಕೂಡಿ ಹಾಡುವ ರಿವಾಯತ್ ಪದಗಳು, ದಬ್ಬಾಳಿಕೆಗೆ ತಲೆಬಾಗದೆ ಕರ್ಬಲಾದಲ್ಲಿ ಪ್ರಾಣ ತೆತ್ತ ಇಮಾಮ್ ಹುಸೈನರ ನೋವನ್ನು ನಮ್ಮ ಹಳ್ಳಿಗಳ ನೋವಾಗಿಸಿವೆ. ಇಂಥ ನೆಲದಲ್ಲಿ ಹಕ್ಕೆಂಬುದು ಜಿನೀವಾದಿಂದ ಬಂದ ಸರಕೆಂಬಂತೆ ಪಾಠ ಹೇಳುವುದು ನಾಚಿಕೆಗೇಡಲ್ಲವೇ?

ಹಾಗೆಂದು ಹಾಡೆಲ್ಲವೂ ನ್ಯಾಯದ ಪರವೆಂಬ ಭ್ರಮೆ ಬೇಡ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಚೌಡಕಿ ಪದಕ್ಕೆ ತಲೆದೂಗುವ ನಾವು, ಹಾಡುವ ಆ ತಾಯಿಗೆ ಮುತ್ತು ಕಟ್ಟಿದಾಗ ವಯಸ್ಸೆಷ್ಟಿತ್ತು ಎಂದು ಯೋಚಿಸುವುದಿಲ್ಲ. 1982ರ ಕಾಯ್ದೆ ದೇವದಾಸಿ ಸಮರ್ಪಣೆಯನ್ನು ಅಪರಾಧವೆಂದಿತು. ಆದರೆ ಕಾಯ್ದೆಯ ಮಾತು ಮನೆಮನೆಗೆ ಮುಟ್ಟಲು ಆ ಬಾಳನ್ನು ಬಾಳಿದವರೇ ಹೊರಡಬೇಕಾಯಿತು. ಇದೇ ಜಿಲ್ಲೆಯ ಸೀತವ್ವ ಜೋಡಟ್ಟಿ ಬಾಲ್ಯದಲ್ಲೇ ದೇವದಾಸಿಯಾದವರು. ತಮ್ಮಂಥ ಮಹಿಳೆಯರ ಬಿಡುಗಡೆಗಾಗಿ ದುಡಿದ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು.

ಆದ್ದರಿಂದ ಕಲೆಯನ್ನು ಸಮಾರಂಭದ ತೋರಣವಾಗಿಸುವುದನ್ನು ಮೊದಲು ನಿಲ್ಲಿಸೋಣ. ನೊಂದವಳನ್ನು ವೇದಿಕೆಗೆ ಕರೆತಂದು ಅವಳ ಕಣ್ಣೀರಿಗೆ ಚಪ್ಪಾಳೆ ತಟ್ಟುವುದು ಮಾನವ ಹಕ್ಕಿನ ಪಾಠವಲ್ಲ, ಅದರ ಉಲ್ಲಂಘನೆ. ವಿದ್ಯಾರ್ಥಿಗಳು ಹಾಡುಗಾರರ ಬಳಿ ಹೋಗಿ ಕುಳಿತುಕೊಳ್ಳಲಿ. ಅವರ ವಿದ್ಯೆಗೆ ಕಾಲೇಜು ಗೌರವಧನ ಕೊಡಲಿ. ಈ ಪದ ಯಾರದು, ಯಾರ ದನಿ ಇದರಲ್ಲಿಲ್ಲ ಎಂದು ತರಗತಿಯಲ್ಲಿ ಚರ್ಚೆಯಾಗಲಿ. ಕಂಡದ್ದನ್ನು ತಮ್ಮೂರಿನ ಮಾತಿನಲ್ಲೇ ಕವಿತೆಯಾಗಿ ಬರೆಯಲಿ, ಚಿತ್ರವಾಗಿ ಬಿಡಿಸಲಿ. ಆಮೇಲೆ ಆ 30 ವಿಧಿಗಳನ್ನು ತೆರೆಯಲಿ.

ಪಠ್ಯ ಮುಗಿಸಲು ಸಮಯವೆಲ್ಲಿ ಎನ್ನುವವರಿಗೆ ನಮ್ಮದೊಂದೇ ಪ್ರಶ್ನೆ: ಕೇಳಿಸಿಕೊಳ್ಳಲು ಬಾರದ ಸಮಾಜಕಾರ್ಯಕರ್ತನಿಗೆ ಪದವಿ ಕೊಟ್ಟು ಯಾರಿಗೆ ಉಪಕಾರ ಮಾಡಿದಂತಾಯಿತು?