ಪರಮಾಣು ವಿದ್ಯುತ್ತು ಮತ್ತು ಸ್ವಾವಲಂಬನೆ

ರಾಷ್ಟ್ರವೊಂದರ ಸ್ವಾತಂತ್ರ್ಯವು ಗಡಿಗಳ ರಕ್ಷಣೆಯನ್ನು ಎಷ್ಟು ಅವಲಂಬಿಸಿದೆಯೋ ಇಂಧನದ ಭದ್ರತೆಯನ್ನೂ ಅಷ್ಟೇ ಅವಲಂಬಿಸಿದೆ. ಇದಕ್ಕೆ ಮಹಾರಾಷ್ಟ್ರದ ತಾರಾಪುರವೇ ನಿದರ್ಶನ. 1969ರಲ್ಲಿ ಅಮೆರಿಕದ ನೆರವಿನಿಂದ ಆರಂಭವಾದ ಆ ಸ್ಥಾವರಕ್ಕೆ ಸಂವರ್ಧಿತ ಯುರೇನಿಯಂ ಕೂಡ ಅಲ್ಲಿಂದಲೇ ಬರಬೇಕಾಗಿತ್ತು. 1974ರ ಪೋಖರಣ್ ಪರೀಕ್ಷೆಯ ತರುವಾಯ ಪೂರೈಕೆ ತೊಡಕಿಗೆ ಸಿಲುಕಿ, ಕೊನೆಗೆ ನಿಂತೇಹೋಯಿತು. ಫ್ರಾನ್ಸಿನ ಬಾಗಿಲು ತಟ್ಟಬೇಕಾಯಿತು. ಅದೇ ಕಾಲಕ್ಕೆ ಕೆನಡಾ ದೇಶವು ರಾಜಸ್ಥಾನದ ಸ್ಥಾವರಕ್ಕೆ ನೀಡುತ್ತಿದ್ದ ನೆರವನ್ನು ಹಿಂತೆಗೆದುಕೊಂಡಿತು. ಅಲ್ಲಿನ ಎರಡನೆಯ ಘಟಕವನ್ನು ನಮ್ಮ ಇಂಜಿನಿಯರರೇ ಪೂರ್ಣಗೊಳಿಸಿದರು.

ಹೀಗೆ ಅನಿವಾರ್ಯವಾಗಿ ಕಲಿತ ವಿದ್ಯೆಯೇ ಇಂದು ನಮ್ಮ ಬಂಡವಾಳವಾಗಿದೆ. ಸಹಜ ಯುರೇನಿಯಂ ಹಾಗೂ ಭಾರಜಲದಿಂದ ನಡೆಯುವ ಕೈಗಾದ ಮೊದಲ ಘಟಕವು 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ದುಡಿದು ಅಂದಿನ ವಿಶ್ವದಾಖಲೆ ಸ್ಥಾಪಿಸಿತು. 2023ರಲ್ಲಿ ಗುಜರಾತಿನ ಕಾಕ್ರಾಪಾರದಲ್ಲಿ 700 ಮೆಗಾವ್ಯಾಟ್‌ನ ಸ್ವದೇಶಿ ಘಟಕ ವಾಣಿಜ್ಯ ಉತ್ಪಾದನೆಗೆ ತೊಡಗಿತು. ಆದರೂ ದೇಶದ ಒಟ್ಟು ವಿದ್ಯುತ್ತಿನಲ್ಲಿ ಪರಮಾಣುವಿನ ಪಾಲು ಶೇಕಡಾ 3ರ ಆಸುಪಾಸಿನಲ್ಲಿಯೇ ಇದೆ. ಸರ್ಕಾರದ ಗುರಿ 2047ಕ್ಕೆ 1 ಲಕ್ಷ ಮೆಗಾವ್ಯಾಟ್. ಸೊಲ್ಲಾಪುರದ ಬಿಸಿಲಿಗೆ ಕೊರತೆಯಿಲ್ಲ. ಆದರೆ ಸೂರ್ಯ ಮುಳುಗಿದ ಮೇಲೂ ದೀಪ ಉರಿಯಬೇಕು. ಹೊಟಗಿಯ ಬಳಿಯ ಉಷ್ಣವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ದೂರದ ಗಣಿಗಳಿಂದ, ನೀರು ಉಜನಿಯಿಂದ ಬರಬೇಕು. ಪರಮಾಣು ಸ್ಥಾವರಕ್ಕೂ ನೀರು ಬೇಕು. ಇಂಧನವಾದರೋ ಅತ್ಯಲ್ಪ ಸಾಕು.

ಆದ್ದರಿಂದ ಪರಮಾಣು ವಿದ್ಯುತ್ತು ಬೆಳೆಯಬೇಕೆಂಬುದು ನನ್ನ ಅಭಿಮತ. ಆದರೆ ಬೆಳವಣಿಗೆ ಸ್ವದೇಶಿ ವಿನ್ಯಾಸದ ಮೇಲೆ ನಿಲ್ಲಬೇಕು. ಜೈತಾಪುರದಲ್ಲಿ ಯೋಜಿಸಿರುವಂತಹ ಬೃಹತ್ ಫ್ರೆಂಚ್ ಘಟಕಗಳನ್ನು ನೆಚ್ಚಿದರೆ ತಾರಾಪುರದ ಪಾಠವನ್ನು ಮರೆತಂತಾಗುತ್ತದೆ. ನಮ್ಮ ಯುರೇನಿಯಂ ನಿಕ್ಷೇಪ ಸಾಲದೆಂಬುದು ನಿಜ. ಅದಕ್ಕಾಗಿಯೇ ಹೋಮಿ ಭಾಭಾ ಅವರು ಕೇರಳ ಕರಾವಳಿಯ ಮರಳಿನಲ್ಲಿರುವ ಥೋರಿಯಂ ಕಡೆಗೆ ಸಾಗುವ ಮೂರು ಹಂತಗಳ ಯೋಜನೆಯನ್ನು ರೂಪಿಸಿದರು. ಆ ದಾರಿ ದೀರ್ಘವಾದುದು, ಆದರೆ ನಮ್ಮದು.

ವಿರೋಧಿಗಳ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ಸಲ್ಲದು. ಕೈಗಾ ಯೋಜನೆಯನ್ನು ಶಿವರಾಮ ಕಾರಂತರು ವಿರೋಧಿಸಿದ್ದರು; 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೂ ಸ್ಪರ್ಧಿಸಿದ್ದರು. 1994ರಲ್ಲಿ ನಿರ್ಮಾಣ ಹಂತದಲ್ಲಿದ್ದ ಅಲ್ಲಿನ ಗುಮ್ಮಟದ ಒಳಪದರ ಕುಸಿಯಿತು. ಭೂಮಿಯನ್ನೂ ನೆಮ್ಮದಿಯನ್ನೂ ತೆರುವವರು ಸ್ಥಾವರದ ನೆರೆಯ ಜನ. ಅವರಿಗೆ ಅಪಾಯವೇನು, ರಕ್ಷಣೆಯೇನು ಎಂಬುದನ್ನು ಅವರ ನುಡಿಯಲ್ಲಿಯೇ ತಿಳಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳ ಹೊಣೆ ಇರುವುದು ಇಲ್ಲಿಯೇ. ಮರಾಠಿಯಲ್ಲಿ ವಿಜ್ಞಾನ ಓದಿದವರಿಗೆ ‘ಅಣು’ ಎಂದರೆ ಕನ್ನಡದ ಪರಮಾಣು. ಕನ್ನಡದ ‘ಅಣು’ ಮರಾಠಿಯಲ್ಲಿ ‘ರೇಣು’. ನಮ್ಮ ಪತ್ರಿಕೆಗಳಾದರೋ ‘ಅಣುಸ್ಥಾವರ’ ಎಂದೇ ಬರೆಯುತ್ತವೆ. ಪದವೇ ಹೀಗೆ ಗೊಂದಲದಲ್ಲಿರುವಾಗ ವಿಕಿರಣ, ತ್ಯಾಜ್ಯ, ಪರಿಹಾರ ಎಂಬ ಮಾತುಗಳು ಜನರಿಗೆ ಸ್ಪಷ್ಟವಾಗುವುದೆಂತು? ಎರಡೂ ನುಡಿಗಳನ್ನು ಬಲ್ಲ ಗಡಿನಾಡಿನ ನೀವು ಈ ವಿಷಯವನ್ನು ತಿಳಿಗನ್ನಡದಲ್ಲಿ ಬರೆಯಲು ತೊಡಗಬೇಕು. ಸ್ವದೇಶಿ ಸ್ಥಾವರದಷ್ಟೇ ಅದನ್ನು ಪ್ರಶ್ನಿಸಬಲ್ಲ ಸ್ವಂತ ಭಾಷೆಯೂ ನಮಗೆ ಬೇಕಾಗಿದೆ.