ಲ್ಯಾಪ್‌ಟಾಪಿನ ಡೊಂಕು

ಒಂದು ವಸ್ತು ಕೆಟ್ಟರೆ ಅದನ್ನು ಕೈಯಲ್ಲಿ ಹಿಡಿದಿದ್ದವನೇ ಕೆಡಿಸಿದನೆಂದು ತೀರ್ಮಾನಿಸುವುದು ನಮ್ಮಲ್ಲಿ ಬಹು ಹಿಂದಿನಿಂದ ಬಂದ ರೂಢಿ. ಗಡಿಗೆ ಒಡೆದರೆ ಸೊಸೆಯ ತಪ್ಪು; ಕುಂಟೆ ಮುರಿದರೆ ಆಳಿನ ತಪ್ಪು. ಗಡಿಗೆ ಸರಿಯಾಗಿ ಬೆಂದಿತ್ತೆ, ಕುಂಟೆಯ ಮರಕ್ಕೆ ಹುಳು ಹಿಡಿದಿತ್ತೆ ಎಂದು ಕೇಳುವವರು ವಿರಳ. ಈಗ ಆ ಸಾಲಿಗೆ ಲ್ಯಾಪ್‌ಟಾಪೂ ಸೇರಿದೆ. ವಿದ್ಯಾರ್ಥಿಯೊಬ್ಬನ ಲ್ಯಾಪ್‌ಟಾಪು ಡೊಂಕಾಗಿ ಕಂಡಿತೆಂದರೆ ನೋಡಿದವರೆಲ್ಲರೂ ಆಡುವ ಮಾತು ಒಂದೇ: "ಎಲ್ಲೋ ಬೀಳಿಸಿದ್ದಾನೆ." ಈ ಮಾತು ಅನೇಕ ವೇಳೆ ಸುಳ್ಳು, ಅಷ್ಟೇ ಅಲ್ಲ, ಅಪಾಯಕರವೂ ಹೌದೆಂಬುದು ನನ್ನ ಅಭಿಪ್ರಾಯ. ನಾನು ಇತಿಹಾಸದ ವಿದ್ಯಾರ್ಥಿ. ರಸಾಯನಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲ. ಆದರೆ ಕಾರಣಗಳನ್ನು ಹುಡುಕುವಾಗ ಕೈಗೆ ಮೊದಲು ಸಿಕ್ಕಿದ್ದನ್ನೇ ಕಾರಣವೆಂದು ನಂಬಬಾರದೆಂದು ನಮ್ಮ ಅಧ್ಯಾಪಕರು ಕಲಿಸಿದ್ದಾರೆ. ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ವಸತಿನಿಲಯದಲ್ಲಿ ನನ್ನ ಕೋಣೆಯ ಮಿತ್ರನಿಗೆ ಅವನ ತಾಯಿ ಸ್ವಸಹಾಯ ಸಂಘದಲ್ಲಿ ಸಾಲಮಾಡಿ ಲ್ಯಾಪ್‌ಟಾಪು ತೆಗೆಸಿಕೊಟ್ಟಿದ್ದರು. ಮೂರನೆಯ ವರ್ಷದ ಬೇಸಿಗೆಯಲ್ಲಿ ಅದು ಮೇಜಿನ ಮೇಲೆ ಸಮನಾಗಿ ಕೂಡದೆ, ಒಂದು ಕಾಲು ಗಿಡ್ಡಾದ ಮಣೆಯಂತೆ ಅಲುಗತೊಡಗಿತು. ಬಳಿಕ ಮುಚ್ಚಳ ಪೂರ್ತಿ ಮುಚ್ಚದಾಯಿತು. ಅಂಗಡಿಯೊಂದಕ್ಕೆ ಒಯ್ದೆವು. ಅಲ್ಲಿಯವರು ಬಿಚ್ಚಿಯೂ ನೋಡದೆ, ಬಿದ್ದು ಸೊಟ್ಟಗಾಗಿದೆ, ಬಾಡಿ ಬದಲಿಸಬೇಕು ಎಂದು ನಮ್ಮ ಕೈಗೆಟುಕದ ಬೆಲೆ ಹೇಳಿದರು. ಊರಿನಿಂದ ಅಣ್ಣ ಫೋನಿನಲ್ಲಿ ಬೈದ. ಎಲ್ಲರೂ ಅದನ್ನೇ ಹೇಳಲಾಗಿ ಮಿತ್ರನಿಗೇ ತನ್ನ ಮೇಲೆ ಸಂಶಯ ಹುಟ್ಟಿತು. "ನಾನ ಎಲ್ಲ್ಯೋ ಕೆಡವೀನಿ ಅನಸ್ತದ ದೋಸ್ತ, ನೆನಪಿಲ್ಲ ಅಷ್ಟ" ಎಂದು ಒಂದು ರಾತ್ರಿ ನನ್ನೆದುರು ಒಪ್ಪಿಕೊಂಡ. ಅವನು ಅದನ್ನು ಕೂಸಿನಂತೆ ಟವೆಲಿನಲ್ಲಿ ಸುತ್ತಿ ಇಡುತ್ತಿದ್ದುದನ್ನು ನಾನು ಎರಡು ವರ್ಷ ಕಂಡಿದ್ದೆ. ಆದರೂ ಆಗ ನಾನು ಸುಮ್ಮನಿದ್ದೆ.

ಸುಮ್ಮನಿದ್ದರೂ ಚೆನ್ನಾಗಿತ್ತು; ಉಪಾಯ ಬೇರೆ ಹೇಳಿದೆ. ಬಾಗಿದ ಹಲಗೆಯನ್ನು ಭಾರವಿಟ್ಟು ನೆಟ್ಟಗೆ ಮಾಡುವುದಿಲ್ಲವೆ? ಗ್ರಂಥಾಲಯದಿಂದ ತಂದಿದ್ದ ದಪ್ಪ ನಿಘಂಟನ್ನೂ ಅದರ ಮೇಲೆ ನನ್ನ ಟ್ರಂಕನ್ನೂ ಹೇರಿ, ಚಾರ್ಜಿನ ತಂತಿಯನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿಯೇ ಚಾಪೆ ಹಾಸಿ ಮಲಗಿದೆವು. ಹೀಗೆ ಆರೇಳು ರಾತ್ರಿ ಕಳೆದವು. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ಕೊನೆಗೆ ಬೆರಳಾಡಿಸುವ ಪಟ್ಟಿ ಒತ್ತಿದರೂ ಒತ್ತದಂತಾದಾಗ, ಬಸ್ ನಿಲ್ದಾಣದ ಹಿಂದೆ ರೇಡಿಯೋ ಕಾಲದಿಂದಲೂ ರಿಪೇರಿ ಮಾಡುತ್ತಿರುವ ಹಿರಿಯರೊಬ್ಬರ ಬಳಿಗೆ ಹೋದೆವು. ಅವರು ತಳದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದರು. ಕೊನೆಯದು ಸಡಿಲವಾಗುತ್ತಲೇ ತಳದ ಹಲಗೆ ತಾನಾಗಿಯೇ ಮೇಲಕ್ಕೆದ್ದಿತು. ಒಳಗೆ ಬ್ಯಾಟರಿ, ಎಣ್ಣೆಯಿಂದ ಈಗತಾನೆ ತೆಗೆದ ಪೂರಿಯಂತೆ ಉಬ್ಬಿ ಕುಳಿತಿತ್ತು. ಭಾರ ಹೇರಿದ ಕಥೆಯನ್ನು ಕೇಳಿ ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟರು. "ನಿಮ್ಮ ಪುಣ್ಯ ದೊಡ್ಡದದ ತಮ್ಮಾ" ಎಂದರು, ಅಷ್ಟೆ. ಬ್ಯಾಟರಿಯನ್ನು ಹೊರಗೆ ತೆಗೆದ ಮೇಲೆ ಅದೇ ಹಳೆಯ ಬಾಡಿ ಬಹುಮಟ್ಟಿಗೆ ನೆಟ್ಟಗೆ ಕೂತಿತು. ಬದಲಿಸಬೇಕಾಗಿದ್ದುದು ಬಾಡಿಯಲ್ಲ.

ಇದು ಹೇಗಾಗುತ್ತದೆಂಬುದನ್ನು ತಿಳಿದಷ್ಟು ಹೇಳುತ್ತೇನೆ. ಲ್ಯಾಪ್‌ಟಾಪಿನೊಳಗಿರುವುದು ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ಇದರ ಮೂಲಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಹಿಂದಿನ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಹೆಬ್ಬೆರಳು ಗಾತ್ರದ ಲೋಹದ ಉರುಳೆಗಳಿರುತ್ತಿದ್ದವು. ಚಿಲಕ ಸರಿಸಿ ಇಡೀ ಬ್ಯಾಟರಿಯನ್ನು ಹೊರಗೆ ತೆಗೆಯಬಹುದಾಗಿತ್ತು. ಯಂತ್ರ ತೆಳುವಾಗಬೇಕೆಂಬ ಹಟ ಹುಟ್ಟಿದ ಮೇಲೆ ತೆಳು ಹಾಳೆಯ ಚೀಲದಂತಹ ಚಪ್ಪಟೆ ಕೋಶಗಳು ಬಂದವು. ಅವನ್ನು ಅಂಗೈ ಊರುವ ಜಾಗದ ಕೆಳಗೆ ಸ್ಕ್ರೂ ಹಾಕಿಯೋ ಅಂಟು ಹಚ್ಚಿಯೋ ಕೂಡಿಸಿ ಮುಚ್ಚಿಬಿಟ್ಟರು. ಕೋಶದೊಳಗಿನ ದ್ರಾವಣ ವಯಸ್ಸಾದಂತೆ ಒಡೆದು ಇಂಗಾಲದ ಡೈಆಕ್ಸೈಡೇ ಮೊದಲಾದ ಅನಿಲಗಳನ್ನು ಬಿಡುತ್ತದೆ. ಲೋಹದ ಉರುಳೆ ಸ್ವಲ್ಪ ಒತ್ತಡವನ್ನು ತಡೆದೀತು. ಚೀಲ ಉಬ್ಬದೆ ಏನು ಮಾಡೀತು? ಉಬ್ಬಿದ ಚೀಲಕ್ಕೆ ಜಾಗವಿಲ್ಲದಾಗ ಅದು ತಳವನ್ನು ಕೆಳಕ್ಕೂ ಕೀಲಿಮಣೆಯನ್ನು ಮೇಲಕ್ಕೂ ನೂಕುತ್ತದೆ. ಶಾಖ ಹೆಚ್ಚಿದಷ್ಟೂ, ಸದಾ ನೂರಕ್ಕೆ ನೂರು ಚಾರ್ಜು ತುಂಬಿಸಿಟ್ಟಷ್ಟೂ ಇದು ಬೇಗ ಸಂಭವಿಸುತ್ತದೆ. ರಾಯಚೂರು, ಕಲಬುರಗಿಗಳ ಕಡೆ ಬೇಸಿಗೆಯಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ತಗಡಿನ ಛಾವಣಿಯ ಕೋಣೆಯಲ್ಲಿ, ಹಾಸಿಗೆಯ ಮೇಲೆ ಗಾಳಿಕಿಂಡಿ ಮುಚ್ಚುವಂತೆ ಇಟ್ಟು, ಹಗಲೂ ರಾತ್ರಿ ತಂತಿ ಸಿಕ್ಕಿಸಿಟ್ಟ ನಮ್ಮಂಥವರ ಯಂತ್ರದ ಪಾಡನ್ನು ಊಹಿಸಬಹುದು. ಈ ಮಟ್ಟಿಗೆ ನಮ್ಮದೂ ತಪ್ಪುಂಟು. ಆದರೆ ಅದು ಬೀಳಿಸಿದ ತಪ್ಪಲ್ಲ, ತಿಳಿಯದ ತಪ್ಪು. ಚಾರ್ಜನ್ನು ನೂರಕ್ಕೆ ಎಂಬತ್ತಕ್ಕೆ ನಿಲ್ಲಿಸುವ ಏರ್ಪಾಡು ಅನೇಕ ಲ್ಯಾಪ್‌ಟಾಪುಗಳಲ್ಲಿ ಇದೆಯೆಂದು ಮಾರುವಾಗ ನಮಗೆ ಯಾರೂ ಹೇಳಲಿಲ್ಲ.

ಒತ್ತಿ ನೆಟ್ಟಗೆ ಮಾಡುವುದು ಏಕೆ ಹುಚ್ಚುತನವೆಂದರೆ, ಕೋಶದ ಎರಡು ಧ್ರುವಗಳ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಪರೆ ಮಾತ್ರ. ಅದು ಹರಿದರೆ ಧ್ರುವಗಳು ಒಂದಕ್ಕೊಂದು ತಾಗಿ ಶಾಖ ಹುಟ್ಟುತ್ತದೆ. ಆ ಶಾಖ ಇನ್ನಷ್ಟು ಶಾಖವನ್ನು ಹುಟ್ಟಿಸುತ್ತದೆ. ಬೆಂಕಿಯಾಗಲು ಬಹಳ ಹೊತ್ತು ಬೇಡ.

ಎಲ್ಲ ಡೊಂಕಿಗೂ ಬ್ಯಾಟರಿಯೇ ಕಾರಣವೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಾನೂ ಆ ಅಂಗಡಿಯವರ ಸಾಲಿಗೇ ಸೇರಿದಂತಾಯಿತು. ನಿಜವಾಗಿ ಬಿದ್ದ ಯಂತ್ರಕ್ಕೆ ಮೂಲೆಯಲ್ಲಿ ತಗ್ಗೋ ಬಿರುಕೋ ಇರುವುದು ಸಾಮಾನ್ಯ. ಪೆಟ್ಟು ತನ್ನ ಗುರುತನ್ನು ಬಿಟ್ಟುಹೋಗುತ್ತದೆ. ತುಂಬಿದ ಬಸ್ಸಿನಲ್ಲಿ ಚೀಲದೊಳಗೆ ಊಟದ ಡಬ್ಬಿಗೂ ಪುಸ್ತಕಗಳಿಗೂ ನಡುವೆ ಸಿಕ್ಕಿಕೊಂಡು, ಮೇಲೊಬ್ಬ ಒರಗಿದರೆ ತೆಳು ಮುಚ್ಚಳ ಹಪ್ಪಳದಂತೆ ತಿರುಚಿಕೊಳ್ಳುವುದುಂಟು. ಪ್ಲಾಸ್ಟಿಕ್ಕಾದರೆ ಕೊಂಚ ಹಿಂದಿರುಗೀತು. ಅಲ್ಯೂಮಿನಿಯಂ ಒಮ್ಮೆ ಬಾಗಿತೆಂದರೆ ಬಾಗಿದ ಹಾಗೆಯೇ. ಇನ್ನು ಕೀಲುಗಳ ವಿಚಾರ. ಮುಚ್ಚಳದ ಕೀಲು ಬಿಗಿಯಾದಾಗ ನಾವು ಒಂದೇ ಮೂಲೆ ಹಿಡಿದು ಎತ್ತುತ್ತೇವೆ. ಪ್ಲಾಸ್ಟಿಕ್ಕಿನಲ್ಲಿ ಕೂಡಿಸಿದ ಪುಟ್ಟ ಹಿತ್ತಾಳೆಯ ಬಳೆಗಳು ಕಿತ್ತುಬಂದು ಹಿಂಬದಿಯಲ್ಲಿ ಬಾಡಿ ಬಾಯಿ ಬಿಡುತ್ತದೆ. ನಡುವೆ ಉಬ್ಬಿದ್ದರೆ, ಮೇಜಿನ ಮೇಲೆ ಅಲುಗಿದರೆ, ಬೆರಳಾಡಿಸುವ ಪಟ್ಟಿ ಎದ್ದುನಿಂತರೆ ಮಾತ್ರ ಮೊದಲು ಬ್ಯಾಟರಿಯನ್ನು ಶಂಕಿಸಬೇಕು. ಒಂದು ಸಮನಾದ ಮೇಜು, ಎರಡು ಕಣ್ಣು ಇದ್ದರೆ ಇಷ್ಟು ಪರೀಕ್ಷೆಗೆ ಸಾಕು. ಆ ಅಂಗಡಿಯಲ್ಲಿ ಎರಡೂ ಇದ್ದವು.

ತಯಾರಕರ ಕಡೆಯ ತಪ್ಪು ಅಪರೂಪವೆನ್ನುವಂತಿಲ್ಲ. 2006ರಲ್ಲಿ ಡೆಲ್ ಕಂಪನಿ ಬೆಂಕಿಯ ಭಯದಿಂದ ಸುಮಾರು 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. 2019ರಲ್ಲಿ ಆಪಲ್ ಕಂಪನಿಯೂ 2015ರಿಂದ 2017ರವರೆಗೆ ಮಾರಿದ ಒಂದು ಮಾದರಿಯ ಬ್ಯಾಟರಿಗಳನ್ನು ಹಾಗೆಯೇ ಕರೆಸಿಕೊಂಡಿತು. 2018ರ ಅದೇ ಕಂಪನಿಯ ಐಪ್ಯಾಡುಗಳಲ್ಲಿ ಕೆಲವು ಪೆಟ್ಟಿಗೆಯಿಂದ ತೆಗೆಯುವಾಗಲೇ ತುಸು ಬಾಗಿದ್ದವು. 400 ಮೈಕ್ರಾನಿನವರೆಗಿನ ಬಾಗು ತನ್ನ ಅಳತೆಯೊಳಗಿನದೇ ಎಂದು ಕಂಪನಿ ಹೇಳಿತು. ಇವನ್ನೆಲ್ಲ ಯಾವ ವಿದ್ಯಾರ್ಥಿ ಬೀಳಿಸಿದ್ದ? ಸಾಧನಗಳ ಬ್ಯಾಟರಿಯನ್ನು ಕೊಂಡವನೇ ತೆಗೆದು ಹಾಕುವಂತಿರಬೇಕೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಶಾಸನ ಮಾಡಿ, 2027ರ ಫೆಬ್ರವರಿ 18 ಎಂದು ದಿನ ಗೊತ್ತುಪಡಿಸಿತು. ಕೈಗೆ ಸಿಗುವ ಬ್ಯಾಟರಿಯಾದರೆ ಉಬ್ಬಿದ್ದು ಕಣ್ಣಿಗೆ ಬೀಳುತ್ತದೆ. ನಮ್ಮ ದೇಶಕ್ಕೂ ಇಂಥ ನಿಯಮ ಬೇಕು.

ವಸತಿನಿಲಯದ ಮೇಲ್ವಿಚಾರಕರಲ್ಲಿಯೂ ಅಧ್ಯಾಪಕರಲ್ಲಿಯೂ ನನ್ನದೊಂದು ಬಿನ್ನಹವಿದೆ. ಡೊಂಕಾದ ಲ್ಯಾಪ್‌ಟಾಪನ್ನು ಹಿಡಿದು ಬಂದವನನ್ನು ಮೊದಲು ಗದರಬೇಡಿ. ಗದರಿಕೆಗೆ ಹೆದರಿದವನು ಅದನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟು, ಅದರ ಮೇಲೆಯೇ ಮಲಗುತ್ತಾನೆ. ಒಂದೊಂದು ಕೋಣೆಯಲ್ಲಿ ನಾಲ್ಕೈದು ಮಂದಿ ಇದ್ದಾರೆ. ಚಾರ್ಜು ನಿಲ್ಲಿಸು, ಯಂತ್ರ ಆರಿಸು, ಒತ್ತಬೇಡ, ಚುಚ್ಚಬೇಡ, ತಿಳಿದವರಿಂದ ಬಿಚ್ಚಿಸು ಎಂದು ಹೇಳಲು ಅರ್ಧ ನಿಮಿಷ ಸಾಕು.

ಮಿತ್ರನ ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ಬಂದಿದೆ. ಅಣ್ಣನಿಗೆ ಉಬ್ಬಿದ ಬ್ಯಾಟರಿಯ ಚಿತ್ರ ಕಳುಹಿಸಿದೆವು. ಅವನು ಮರುಮಾತಾಡಲಿಲ್ಲ, ಮುಂದಿನ ವಾರ ರೊಟ್ಟಿಯ ಗಂಟು ಬಂದಿತು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರದು. ಕಸದೊಡನೆ ಬೆರೆಸದೆ ಬೇರೆಯಾಗಿ ಒಪ್ಪಿಸುವ ಹೊಣೆ ನಮ್ಮದು. ನಾವು ಒಪ್ಪಿಸಲು ಸಿದ್ಧರಿದ್ದೇವೆ. ಮಿತ್ರನ ಹಳೆಯ ಬ್ಯಾಟರಿ ಈಗಲೂ ಆ ಹಿರಿಯರ ಅಂಗಡಿಯ ಹಿತ್ತಲಲ್ಲಿ, ಮರಳು ತುಂಬಿದ ತಗಡಿನ ಬಕೀಟಿನಲ್ಲಿ, ಇನ್ನೂ ಹನ್ನೊಂದು ಉಬ್ಬಿದ ಬ್ಯಾಟರಿಗಳ ಜೊತೆಗೆ ಒಯ್ಯುವವರ ದಾರಿ ಕಾಯುತ್ತಿದೆ.